ಮೂರು ಸಲ ಕೂಗಿದ ಹೆಸರು

ಬಾಗೂರು,
ಭಾನುವಾರ ಬೆಳಿಗ್ಗೆ

ಪ್ರೀತಿಯ ಮೊಮ್ಮಗಳೇ,

‘ವಕೀಲಿಕೆಯ ಸನ್ನದು ಬಂತು ತಾತ’ ಅಂತ ನೀನು ಫೋನ್ ಮಾಡಿದ ದಿನವೇ ನಿನ್ನ ಅಜ್ಜಿ ಚನ್ನಕೇಶವನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಮನೆಗೆ ಬಂದವರಿಗೆಲ್ಲ ಬೆಲ್ಲ ಕೊಟ್ಟಳು. ಫೋನಿನ ಕೊನೆಗೆ ನೀನೊಂದು ಮಾತು ಕೇಳಿದೆ. ‘ಹೊಸದುರ್ಗದಲ್ಲಿ ಕೂತರೆ ಏನು ಕೇಸು ಬರುತ್ತೆ ತಾತ? ಬದು, ಬೇಲಿ, ಪಾಲು, ಇಷ್ಟೇ ಅಲ್ವಾ?’ ಆಗ ನಾನು ಸುಮ್ಮನಾದೆ. ಕೋಪಕ್ಕಲ್ಲ ಮಗಳೇ. ನಿನ್ನ ಅಮ್ಮನಿಗೂ ಪೂರ್ತಿ ಹೇಳದ ಒಂದು ಸಂಗತಿ ನೆನಪಾಯಿತು. ಫೋನಿನಲ್ಲಿ ಹೇಳಲು ಆಗುವಂಥದ್ದಲ್ಲ, ಅದಕ್ಕೇ ಈ ಕಾಗದ.

ನಾನು 1969ರಲ್ಲಿ ಹದಿನೆಂಟು ತುಂಬಿದ ಕೂಡಲೇ ಬೆಂಗಳೂರಿಗೆ ಹೋಗಿ ಸೈನ್ಯದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದೆ. ಹಲಸೂರು ಕೆರೆಯ ಪಕ್ಕದಲ್ಲೇ ತರಬೇತಿ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಊರಲ್ಲಿ ಅವ್ವ ಒಬ್ಬಳೇ. ಒಂದು ಎಕರೆ ಇಪ್ಪತ್ತು ಗುಂಟೆ ತೆಂಗಿನ ತೋಟ, ಜೊತೆಗೆ ಸ್ವಲ್ಪ ರಾಗಿ ಹೊಲ. ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದೆ, ಊರಿನ ಮೇಷ್ಟ್ರು ಅವ್ವನಿಗೆ ಓದಿ ಹೇಳುತ್ತಿದ್ದರು. ಪ್ರತಿ ಪತ್ರದ ಹಿಂದೆಯೂ ನನ್ನ ನಂಬರು, ಯೂನಿಟ್ಟು, ‘56 ಎಪಿಒ’ ಎಂಬ ಸೈನ್ಯದ ಅಂಚೆ ವಿಳಾಸ ಇರುತ್ತಿತ್ತು. ನಾನು ಸೈನ್ಯದಲ್ಲಿದ್ದೇನೆ ಅನ್ನುವುದು ಊರಿಗೆಲ್ಲ ಗೊತ್ತಿದ್ದ ವಿಷಯ.

1971ರ ಡಿಸೆಂಬರ್ 3ಕ್ಕೆ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಶಕರ್‌ಗಢದ ಕಡೆ ಬಸಂತರ್ ನದಿಯ ಹತ್ತಿರ ಶತ್ರುಗಳು ಹೂತಿಟ್ಟ ಮೈನುಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಡುವುದು ನಮ್ಮ ಕೆಲಸ. ಹೊಟ್ಟೆಯ ಮೇಲೆ ಮಲಗಿ, ಕೈಯಲ್ಲಿನ ಸಲಾಕೆಯನ್ನು ಮಣ್ಣಿಗೆ ಓರೆಯಾಗಿ ಚುಚ್ಚಿ ನೋಡಬೇಕು. ನೇರವಾಗಿ ಒತ್ತಿದರೆ ಮುಗಿಯಿತು. ಗಟ್ಟಿ ತಗುಲಿದರೆ ಉಸಿರು ಹಿಡಿದು ಸುತ್ತಲಿನ ಮಣ್ಣನ್ನು ಬೆರಳಿನಿಂದ ಬಿಡಿಸಬೇಕು. ತೆಗೆದ ಜಾಗದ ಎರಡೂ ಬದಿಗೆ ಬಿಳಿ ಪಟ್ಟಿ ಎಳೆಯುತ್ತ ಹೋಗಬೇಕು. ಡಿಸೆಂಬರ್‌ನ ಆ ಚಳಿಯಲ್ಲೂ ಬೆವರು ಕಣ್ಣಿಗೆ ಇಳಿಯುತ್ತಿತ್ತು. ದಾರಿ ಪೂರ್ತಿಯಾಗುವ ಮೊದಲೇ ಪೂನಾ ಹಾರ್ಸ್‌ನ ಟ್ಯಾಂಕುಗಳು ನಮ್ಮನ್ನು ದಾಟಿ ಮುಂದೆ ಹೋದವು. ಮರುದಿನ, 16ನೇ ತಾರೀಕು, ಆ ರೆಜಿಮೆಂಟಿನ ಅರುಣ್ ಖೇತ್ರಪಾಲ್ ಹುತಾತ್ಮರಾದರು. ಇಪ್ಪತ್ತೊಂದು ವರ್ಷದ ಹುಡುಗ. ನಾನು ಅವರಿಗಿಂತ ಒಂದು ವರ್ಷ ಚಿಕ್ಕವನು.

ಅದೇ ಚಳಿಗಾಲದಲ್ಲಿ ನಮ್ಮ ದಾಯಾದಿಯೊಬ್ಬರು ತೋಟ ತಮ್ಮದೆಂದು ನನ್ನ ಮೇಲೆ ದಾವೆ ಹೂಡಿದರು. ವಿಳಾಸ ‘ಬಾಗೂರು ವಾಸಿ’ ಎಂದು ಕೊಟ್ಟರು. ಸಮನ್ಸು ಬಂತು, ನಾನಿಲ್ಲ. ಬಾಗಿಲಿಗೆ ಅಂಟಿಸಿ ಹೋದರು. ಅವ್ವ ಅದನ್ನು ಹರಿಯದ ಹಾಗೆ ನೀರು ಹಚ್ಚಿ ಬಿಡಿಸಿ, ಒಣಗಿಸಿ, ನಾಲ್ಕು ಮಡಿಕೆ ಮಾಡಿ ನನ್ನ ಪತ್ರಗಳ ಜೊತೆ ಇಟ್ಟಳು. ಮಗ ರಜೆಗೆ ಬಂದಾಗ ಓದಲಿ ಅಂತ. ಸರ್ಕಾರದ ಮೊಹರು ಇದ್ದ ಕಾಗದ ಬಂದರೆ ಸೈನ್ಯದಿಂದ ಕೆಟ್ಟ ಸುದ್ದಿಯೇ ಇರಬಹುದೆಂದು ಹೆದರಿ ಮೇಷ್ಟ್ರಿಗೂ ತೋರಿಸಲಿಲ್ಲವಂತೆ.

ವಾಯಿದೆಯ ದಿನ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ನನ್ನ ಹೆಸರನ್ನು ಮೂರು ಸಲ ಕೂಗಿದ. ಗಡಿಯಲ್ಲಿದ್ದ ಜವಾನನಿಗೆ ಅದು ಹೇಗೆ ಕೇಳಿಸೀತು? ಏಕಪಕ್ಷೀಯವಾಗಿ ಡಿಕ್ರಿಯಾಯಿತು. 1972ರ ಮೇ ತಿಂಗಳಲ್ಲಿ ರಜೆಗೆ ಬಂದವನು ಆ ಕಾಗದ ಬಿಚ್ಚಿ ನೋಡಿದೆ. ಅಷ್ಟು ಹೊತ್ತಿಗೆ ತೋಟಕ್ಕೆ ಬೇಲಿ ಬಿದ್ದಿತ್ತು. ಒಬ್ಬ ವಕೀಲರ ಹತ್ತಿರ ಓಡಿದೆ. ‘ಮೂವತ್ತು ದಿನ ದಾಟಿದೆಯಪ್ಪಾ, ಇನ್ನೇನೂ ಮಾಡೋಕಾಗಲ್ಲ’ ಅಂದರು. ನಂಬಿದೆ. ಅವ್ವ ಸಾಯುವವರೆಗೂ ಆ ಬೇಲಿಯ ಪಕ್ಕದ ದಾರಿಯಲ್ಲಿ ಓಡಾಡಲಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತಿದ್ದಳು.

ಸೈನ್ಯದಲ್ಲಿದ್ದಾಗಲೇ ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿಎ ಮುಗಿಸಿದ್ದೆ. 1986ರಲ್ಲಿ ಪಿಂಚಣಿಗೆ ಬಂದು ಚಿತ್ರದುರ್ಗದಲ್ಲಿ ಲಾ ಕಾಲೇಜಿಗೆ ಸೇರಿದೆ. ಮೂವತ್ತೈದು ವರ್ಷ ನನಗೆ, ನಿನ್ನ ಅಮ್ಮ ಆಗ ಅಂಗನವಾಡಿ ಮಗು. ಒಂದು ಸಂಜೆ ಸಿವಿಲ್ ಪ್ರಕ್ರಿಯಾ ಸಂಹಿತೆ ಓದುತ್ತಿದ್ದೆ. ಐದನೇ ಆದೇಶ, ಇಪ್ಪತ್ತೆಂಟನೇ ನಿಯಮ. ಪ್ರತಿವಾದಿ ಸೈನಿಕನಾಗಿದ್ದರೆ ಸಮನ್ಸನ್ನು ಅವನ ಕಮಾಂಡಿಂಗ್ ಆಫೀಸರ್‌ಗೆ ಕಳಿಸಬೇಕು. ಅಲ್ಲಿಂದ ಹುಡುಕುತ್ತ ಹೋದರೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಸಿಕ್ಕಿತು. ಯುದ್ಧದ ಇಲ್ಲವೇ ವಿಶೇಷ ಪರಿಸ್ಥಿತಿಯ ಕರ್ತವ್ಯದಲ್ಲಿರುವ ಸೈನಿಕ ಹಾಜರಾಗಲು ಆಗದಿದ್ದರೆ ಜಿಲ್ಲಾಧಿಕಾರಿ ಅದನ್ನು ದೃಢೀಕರಿಸಿ ಕೋರ್ಟಿಗೆ ಬರೆಯಬಹುದು, ಕೋರ್ಟು ಆ ವ್ಯಾಜ್ಯವನ್ನು ನಿಲ್ಲಿಸಬೇಕು. ಅವನ ಬೆನ್ನ ಹಿಂದೆ ಡಿಕ್ರಿಯಾಗಿದ್ದರೆ, ಆ ಕರ್ತವ್ಯ ಮುಗಿದ ಮೇಲೂ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಲು ಅವಕಾಶ ಉಂಟು. ನಾನು ಹುಟ್ಟುವ ಇಪ್ಪತ್ತಾರು ವರ್ಷ ಮೊದಲೇ ಆ ಕಾಯ್ದೆ ಬಂದಿತ್ತು ಮಗಳೇ. ನಾನು ಮೈನು ತೆಗೆಯುತ್ತಿದ್ದಾಗಲೂ ಇತ್ತು, ಅವ್ವ ಸುತ್ತು ಹಾಕಿ ನಡೆಯುತ್ತಿದ್ದಾಗಲೂ ಇತ್ತು. ನನಗೆ ಹೇಳುವವರು ಒಬ್ಬರೂ ಇರಲಿಲ್ಲ. ಆ ಸಂಜೆ ಗ್ರಂಥಾಲಯದ ಹಿಂದಿನ ಜಗಲಿಯಲ್ಲಿ ಕೂತು ಅತ್ತೆ. ಯುದ್ಧದಲ್ಲೂ ಹಾಗೆ ಅತ್ತವನಲ್ಲ.

ಹೊಸದುರ್ಗದಲ್ಲೇ ಕಚೇರಿ ತೆರೆದದ್ದು ಅದಕ್ಕೆ. ಸೈನ್ಯದಲ್ಲಿದ್ದ ಹುಡುಗರ ಮನೆಯವರು ಬಂದಾಗ ನಾನು ಮೊದಲು ಕೇಳುವುದು ಹುಡುಗನ ಯೂನಿಟ್ಟು, ಎಪಿಒ ನಂಬರು. ಆಮೇಲೆ ಪಹಣಿ. ಅವನು ಗಡಿಯಲ್ಲಿದ್ದಾನೋ, ಶಾಂತಿಯ ಠಾಣೆಯಲ್ಲಿದ್ದಾನೋ ಎನ್ನುವುದರ ಮೇಲೆ ದಾರಿ ಬೇರೆ. 1925ರ ಕಾಯ್ದೆ ಎಲ್ಲರಿಗೂ ಅನ್ವಯವಾಗುವುದಿಲ್ಲ. ಬರೀ ರಜೆ ಸಿಗದವನಿಗೆ ಇಪ್ಪತ್ತೆಂಟನೇ ಆದೇಶವಿದೆ. ಕಮಾಂಡಿಂಗ್ ಆಫೀಸರ್ ಎದುರು ಸಹಿ ಮಾಡಿ ಅವ್ವನಿಗೋ ತಮ್ಮನಿಗೋ ಅಧಿಕಾರ ಪತ್ರ ಕೊಟ್ಟರೆ ಅವನ ಪರವಾಗಿ ಅವರು ದಾವೆ ನಡೆಸಬಹುದು. ಜಮೀನನ್ನು ಗೇಣಿಗೆ ಕೊಟ್ಟು ಹೋದವನಾದರೆ ಭೂಸುಧಾರಣಾ ಕಾಯ್ದೆಯ ಐದನೇ ಮತ್ತು ಹದಿನೈದನೇ ಕಲಂ ತೆಗೆದು ನೋಡು. ಸೈನಿಕ ತನ್ನ ನೆಲವನ್ನು ಮರಳಿ ಪಡೆಯುವ ದಾರಿ ಅಲ್ಲಿದೆ. ‘ಉಳುವವನೇ ಒಡೆಯ’ ಎಂದ ಕಾಯ್ದೆಯೇ ಉಳಲು ಊರಲ್ಲಿ ಇರಲಾಗದ ಸೈನಿಕನನ್ನೂ ನೆನಪಿಟ್ಟುಕೊಂಡಿದೆ. ಅದನ್ನು ಬರೆದವರ ಬಗ್ಗೆ ನನಗೆ ತುಂಬಾ ಗೌರವ.

ಪಹಣಿಯಲ್ಲಿ ಒಂಬತ್ತನೇ ಕಾಲಂ ನೋಡಿ ನಿಲ್ಲಿಸಬೇಡ. ಮಾಲೀಕನ ಹೆಸರು ಅಲ್ಲಿರುತ್ತದೆ, ಸಾಗುವಳಿ ಯಾರದು ಅನ್ನುವುದು ಹನ್ನೆರಡರಲ್ಲಿ. ಕೈಬರಹದ ಹಳೆಯ ಪಹಣಿಗಳನ್ನೂ ತೆಗೆಸು. ನಡುವೆ ಯಾವ ವರ್ಷದಲ್ಲಿ ಹೆಸರು ಬದಲಾಗಿದೆಯೋ ಅಲ್ಲೇ ಕೇಸು ಹೂತಿರುತ್ತದೆ. ಆಮೇಲೆ ಚೆಕ್ಕುಬಂದಿ ಹಿಡಿದುಕೊಂಡು ಜಮೀನಿಗೆ ನಡೆದು ಹೋಗು. ನಿಧಾನವಾಗಿ, ಓರೆಯಾಗಿ ಚುಚ್ಚಿ ನೋಡು.

ನಿನಗೆ ಕನ್ನಡದಲ್ಲಿ ದಾವಾ ಅರ್ಜಿ ಬರೆಯಲು ಅಂಜಿಕೆ ಎಂದೆ. ಬರೆದದ್ದನ್ನು ಅಜ್ಜಿಗೆ ಓದಿ ಹೇಳು. ಅವಳು ನಡುವೆ ‘ಹಾಗಂದ್ರೆ?’ ಅಂತ ಕೇಳಿದ ವಾಕ್ಯವನ್ನು ಮತ್ತೆ ಬರೆ. ನಾನು ಮೂವತ್ತು ವರ್ಷದ ಮೇಲೆ ಹೀಗೇ ಮಾಡಿದ್ದೇನೆ. ಬಾಗಿಲಿಗೆ ಅಂಟಿಸಿದ ಕಾಗದವನ್ನು ನನ್ನ ಅವ್ವ ಮಡಚಿಟ್ಟದ್ದು ಅದರಲ್ಲಿ ಏನಿದೆಯೆಂದು ತಿಳಿಯದೆ ಅಲ್ಲವೇ?

ಸಣ್ಣ ಊರಿನ ವಕೀಲಿಕೆ ಎಂದು ಅಳುಕಬೇಡ. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ನಿಜಲಿಂಗಪ್ಪನವರು 1939ರಲ್ಲಿ ತುರುವನೂರಿನ ಸತ್ಯಾಗ್ರಹಕ್ಕೆ ಇಳಿದು ಜೈಲಿಗೆ ಹೋದರು, ಸನ್ನದನ್ನೂ ಕಳೆದುಕೊಂಡರು. ನಿನ್ನ ಕೈಗೆ ಮೊನ್ನೆ ಬಂದ ಕಾಗದಕ್ಕೆ ಈ ಜಿಲ್ಲೆಯಲ್ಲಿ ಅಷ್ಟು ಬೆಲೆ ಇದೆ.

ಬೆಂಗಳೂರಿಗೇ ಹೋಗಬೇಕೆನ್ನಿಸಿದರೆ ಹೋಗು, ತಾತ ಮುನಿಸಿಕೊಳ್ಳುವುದಿಲ್ಲ. ಆದರೆ ಹೋಗುವ ಮೊದಲು ಒಂದು ಸೋಮವಾರ ಹೊಸದುರ್ಗದ ಕಚೇರಿಗೆ ಬಾ. ಪಕ್ಕದ ಹಳ್ಳಿಯ ಒಬ್ಬ ತಾಯಿ ಬರುತ್ತಾಳೆ. ಮಗ ಲಡಾಖ್‌ನಲ್ಲಿದ್ದಾನೆ, ಇಲ್ಲಿ ಅವನ ಮೇಲೆ ಪಾಲಿನ ದಾವೆ ಬಿದ್ದಿದೆ. ನನ್ನ ಕಣ್ಣಿಗೆ ಪೊರೆ ಬಂದು ಅವನ ಪತ್ರದ ಮೇಲಿನ ನಂಬರು ಸರಿಯಾಗಿ ಕಾಣುತ್ತಿಲ್ಲ. ನೀನೇ ಓದಿ, ಜಿಲ್ಲಾಧಿಕಾರಿಗೆ ಅರ್ಜಿ ಬರೆದುಕೊಡು. ವಾಯಿದೆಗೆ ಇನ್ನು ಹದಿನೆಂಟು ದಿನ ಇದೆ. ಅವ್ವ ಮಡಚಿಟ್ಟ ಆ ಸಮನ್ಸು ನನ್ನ ಹಸಿರು ಟ್ರಂಕಿನ ತಳದಲ್ಲಿ ಈಗಲೂ ಇದೆ, ಬೀಗದ ಕೈ ಅಜ್ಜಿಯ ಹತ್ತಿರ. ಬಂದಾಗ ತೆಗೆದು ನೋಡು.

ನಿನ್ನ ತಾತ