ಜಂಬಿಯಾನಿಯ ನಾಲ್ಕು ಗಂಟೆ

ಕುಮಟೆಯವಳಿಗೆ ಕಡಲಿನ ಪಾಠ ಯಾರೂ ಹೇಳಬೇಕಿಲ್ಲ ಅನ್ನುವ ಜಂಬದಲ್ಲೇ ಹೋಗಿದ್ದೆ. ಅರ್ಧ ತಪ್ಪು ನನ್ನದು. ಇನ್ನರ್ಧ ದಾರ್ ಎಸ್ ಸಲಾಮಿನಲ್ಲಿರುವ ಮೈದುನನದು. ಜಾಂಜಿಬಾರಿನ ಪೂರ್ವ ದಂಡೆಯ ಜಂಬಿಯಾನಿಯಲ್ಲಿ, ಜನವಸತಿಯಿಂದ ದೂರ, ಮಡಲು ಹೊದೆಸಿದ ಲಾಡ್ಜ್ ಗೊತ್ತುಮಾಡಿದವನು ಅವನು. ಸ್ವಾಹಿಲಿಯಲ್ಲಿ ಹತ್ತರವರೆಗೆ ಎಣಿಸಲು ಕಲಿಸಿದವನೂ ಅವನೇ. ಗಡಿಯಾರದ ಸುದ್ದಿಯೊಂದು ಎತ್ತಲಿಲ್ಲ.

ಎರಡನೆಯ ದಿನ ಅಮಾವಾಸ್ಯೆ. ತಿಂಡಿ ಮುಗಿಸಿ ನೋಡಿದರೆ ಕಡಲೇ ಇಲ್ಲ! ಎಷ್ಟೋ ದೂರದಲ್ಲಿ, ಹವಳದ ದಿಬ್ಬದ ಮೇಲೆ ಬಿಳಿ ನೊರೆ. ನಡುವಿನ ಬಯಲಲ್ಲಿ ಹೆಂಗಸರು ಗೂಟಗಳಿಗೆ ಹಗ್ಗ ಕಟ್ಟಿ ಬೆಳೆಸಿದ ಕಡಲಪಾಚಿ ಬಿಡಿಸುತ್ತಿದ್ದರು. ನೀರು ಯಾವಾಗ ತಿರುಗುತ್ತದೆಂದು ಲಾಡ್ಜಿನ ಹುಡುಗನನ್ನು ಕೇಳಿದೆ. 'ಸಾ ನ್ನೆ' ಅಂದ. ನ್ನೆ ಅಂದರೆ ನಾಲ್ಕು. ಸಂಜೆವರೆಗೂ ಹೊತ್ತಿದೆಯೆಂದು, ನಮ್ಮ ಯಜಮಾನರು ಬೇಡವೆಂದರೂ ಹೊರಟೆ.

ಹೊಂಡಗಳಲ್ಲಿ ನಕ್ಷತ್ರಮೀನು ನೋಡುತ್ತ ಮೈಮರೆತೆ. ತಿರುಗಿ ನೋಡಿದಾಗ ಪಾಚಿಯ ಹೆಂಗಸರೆಲ್ಲ ದಡ ಸೇರಿದ್ದರು. ನೀರು ಎದುರಿನಿಂದ ಬಂದಿದ್ದರೆ ಕಾಣುತ್ತಿತ್ತು. ಅದು ಬೆನ್ನ ಹಿಂದಿನ ತಗ್ಗಿನಲ್ಲಿ ಸದ್ದಿಲ್ಲದೆ ತುಂಬಿತ್ತು. ಮೊಣಕಾಲಾಯಿತು, ಸೊಂಟವಾಯಿತು, ಎದೆಗೆ ಬಂತು. ದುಪಟ್ಟಾ ಕಾಲಿಗೆ ಸುತ್ತಿಕೊಂಡಿತು. ಗೂಟವೊಂದನ್ನು ಹಿಡಿಯಲು ಹೋಗಿ ಕರಿಮುಳ್ಳಿನ ಕಡಲಚೆಂಡಿನ ಮೇಲೆ ಬರಿಗಾಲಿಟ್ಟೆ. ಕೂಗಲು ಬಾಯಿ ತೆರೆದರೆ ಉಪ್ಪುನೀರು. ದಡದಿಂದ ಮುದುಕಿಯೊಬ್ಬಳು 'ಮಾಜಿ! ಮಾಜಿ!' ಎಂದು ಕೈಬೀಸುತ್ತಿದ್ದಳು. ನೀರು ಅಂತ ನನಗೆ ಹೇಳಬೇಕಿತ್ತೇ! ಕೊನೆಗೆ ಎರಡೂ ಬದಿ ಮರದ ರೆಕ್ಕೆಯಿರುವ ಮೀನುದೋಣಿಯವನು ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡ.

ಅಲ್ಲಿಯ ಗಡಿಯಾರ ಆರು ಗಂಟೆಯಿಂದ ಶುರು. ನಮ್ಮ ಬೆಳಗಿನ ಏಳು ಅವರಿಗೆ ಒಂದು, ನಮ್ಮ ಹತ್ತು ಅವರಿಗೆ ನಾಲ್ಕು. ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ಅಜ್ಜನ ಮೊಮ್ಮಗಳಿಗೆ ಇದು ಹೊಳೆಯಬೇಡವೇ? ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿ ಇಳಿತಕ್ಕೂ ಭರತಕ್ಕೂ ಸುಮಾರು 4 ಮೀಟರ್ ಅಂತರ. ನಮ್ಮ ಕರಾವಳಿಯಲ್ಲಿ ಅದರ ಅರ್ಧವೂ ಇಲ್ಲ. ಏರುವ ಆರು ತಾಸಿನಲ್ಲಿ ನಡುವಿನ ಎರಡೇ ತಾಸಿಗೆ ಅರ್ಧ ನೀರು ಬಂದುಬಿಡುತ್ತದೆ.

ಹೋಗುವವರು ಗಟ್ಟಿ ಅಡಿಯ ರಬ್ಬರ್ ಚಪ್ಪಲಿ ಒಯ್ಯಿರಿ. ಹೊತ್ತು ಕೇಳಿದಾಗ 'ಅಸುಬುಹಿ'ಯೋ (ಬೆಳಿಗ್ಗೆ) 'ಜಿಯೋನಿ'ಯೋ (ಸಂಜೆ) ಎಂದೂ ಕೇಳಿ. ಪಾಚಿಯ ಹೆಂಗಸರು ಎದ್ದರೆ ನೀವೂ ಏಳಿ.

ಲಾಡ್ಜಿನವರು ಅಂಗಾಲಿಗೆ ಪಪ್ಪಾಯಿ ಹಾಲು ಹಚ್ಚಿ ಮುಳ್ಳು ಕೀಳುತ್ತಿದ್ದಾಗ ಮೈದುನನಿಗೆ ಫೋನ್ ಮಾಡಿದೆ. "ಅಯ್ಯೋ ಅತ್ತಿಗೆ, ಅಷ್ಟು ಗೊತ್ತಿರ್ತದೆ ಅಂದ್ಕೊಂಡೆ" ಅಂದ. ಮುಂದಿನ ಸಲ ಅವನು ಊರಿಗೆ ಬಂದಾಗ ಊಟಕ್ಕೆ ನಾಲ್ಕು ಗಂಟೆಗೆ ಕರೆಯುತ್ತೇನೆ.