ಸಗಣಿಯ ಮೇಲೆ ಸುರಿದ ಫಿನಾಯಿಲ್ ಕಾಲುಬಾಯಿ ರೋಗ ತಡೆಯುವುದಿಲ್ಲ

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಹಳ್ಳಿಗಳಿಂದ ಒಂದೇ ದೂರು ಬಂತು. ಹಸು ಜೊಲ್ಲು ಸುರಿಸುತ್ತಿದೆ, ಬಾಯಿ ಪಚಪಚ ಎನ್ನುತ್ತಿದೆ, ಕಾಲು ಒದರುತ್ತಿದೆ, ಹಾಲು ಅರ್ಧಕ್ಕೆ ಇಳಿದಿದೆ. ಹೋಗಿ ನೋಡಿದರೆ ಮೂರೂ ಕಡೆ ಕಾಲುಬಾಯಿ ರೋಗ. ಮೂರೂ ಕೊಟ್ಟಿಗೆಗಳಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಂದು ಕಡೆ ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಗಂಜಲದ ಕಾಲುವೆ ಪಕ್ಕ ಗೀರಿದೆ. ಮೇಲೆ ಬೆಳ್ಳಗೆ ಫಿನಾಯಿಲ್ ಪದರ, ಅದರಡಿ ಎರಡು ಬೆರಳು ದಪ್ಪ ಹಸಿ ಸಗಣಿ, ಸಗಣಿಯೊಳಗೆ ಜೊಲ್ಲಿನ ಎಳೆ ಹಾಗೇ ಇತ್ತು. ಮನೆಯವರು ಎರಡು ಲೀಟರ್ ಸುರಿದಿದ್ದರು. ನಾಲ್ಕನೇ ದಿನ ಪಕ್ಕದ ಗೂಟದ ಹಸುವಿಗೂ ಜ್ವರ ಬಂತು.

ಈ ತಪ್ಪನ್ನು ಪ್ರತಿ ಸಲವೂ ನೋಡುತ್ತೇನೆ, ಪ್ರತಿ ಸಲವೂ ಹೇಳುತ್ತೇನೆ. ಈ ರೋಗದ ವೈರಸ್ಸು ಫಿನಾಯಿಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಸಗಣಿ, ಮಣ್ಣು, ಮೇವಿನ ಕಸ ಸೇರಿದರಂತೂ ಏನೂ ಆಗುವುದಿಲ್ಲ. ಅದು ಸಾಯುವುದು ಹುಳಿಗೆ, ಇಲ್ಲವೇ ಕ್ಷಾರಕ್ಕೆ. ಇಷ್ಟು ತಿಳಿದುಕೊಂಡರೆ ಸಾಕು. ಉಳಿದದ್ದು ಸಲಿಕೆ, ಪೊರಕೆ ಮತ್ತು ತಕ್ಕಡಿಯ ಕೆಲಸ.

ಮೊದಲು ಸಗಣಿ ಎತ್ತಿ. ಗುಂಡಿಯಲ್ಲಿ ಬೇರೆಯಾಗಿ ಹಾಕಿ ಮುಚ್ಚಿ, ಹೊಲಕ್ಕೆ ಹೊಡೆಯಬೇಡಿ. ಆಮೇಲೆ ನೆಲ, ಗೊಂತು, ಗೂಟ, ಹಗ್ಗ ಎಲ್ಲವನ್ನೂ ನೀರು ಹಾಕಿ ಉಜ್ಜಿ, ಕಲ್ಲು ಕಾಣುವ ತನಕ ಉಜ್ಜಿ. ಆ ನೀರು ಪಕ್ಕದ ಮನೆಯ ಕಡೆಗೋ ಕೆರೆಗೋ ಹರಿಯದಂತೆ ನೋಡಿಕೊಳ್ಳಿ. ನೆಲ ತೊಳೆದ ಮೇಲೆಯೇ ಔಷಧಿ. ಔಷಧಿ ಎಂದರೆ ಬಟ್ಟೆ ಒಗೆಯುವ ಸೋಡಾ. ಪುಡಿ ಸೋಡಾ ಆದರೆ ಲೀಟರಿಗೆ 40 ಗ್ರಾಂ, ಅಂದರೆ 10 ಲೀಟರ್ ಬಕೆಟ್ಟಿಗೆ 400 ಗ್ರಾಂ. ಹರಳು ಸೋಡಾದಲ್ಲಿ ನೀರಿನಂಶವೇ ಹೆಚ್ಚು, ಹಾಗಾಗಿ ಅದು ಲೀಟರಿಗೆ 100 ಗ್ರಾಂ ಬೇಕು, ಬಕೆಟ್ಟಿಗೆ ಒಂದು ಕೆಜಿ. ಎರಡು ಹಿಡಿ ಎಸೆದು ಕಲಕಿದರೆ ಆಗುವುದಿಲ್ಲ. ಅಂಗಡಿಯಲ್ಲಿ ತೂಗಿಸಿ 400 ಗ್ರಾಂ ಪೊಟ್ಟಣ ಕಟ್ಟಿಸಿಕೊಂಡು ಬನ್ನಿ. ಅಡುಗೆ ಸೋಡಾ ಬೇರೆ, ಅದಕ್ಕೆ ಈ ಶಕ್ತಿ ಇಲ್ಲ. ಅದನ್ನು ತಂದು ಹಾಕಿ ನಿಶ್ಚಿಂತೆಯಿಂದ ಮಲಗಿದವರನ್ನೂ ನೋಡಿದ್ದೇನೆ. ಸೋಡಾ ನೀರು ನೆಲದ ಮೇಲೆ ಕನಿಷ್ಠ 10 ನಿಮಿಷ, ಸಾಧ್ಯವಾದರೆ ಅರ್ಧ ಗಂಟೆ ಒದ್ದೆಯಾಗಿ ನಿಲ್ಲಬೇಕು. ಸುರಿದ ಕೂಡಲೇ ನೀರು ಹೊಡೆದು ತೊಳೆದರೆ ಮಾಡಿದ್ದೆಲ್ಲ ವ್ಯರ್ಥ.

ಅಲ್ಯೂಮಿನಿಯಂ ಕ್ಯಾನಿಗೆ ಸೋಡಾ ಹಾಕಬೇಡಿ, ಲೋಹ ತಿನ್ನುತ್ತದೆ. ಕ್ಯಾನು, ಬಟ್ಟೆ, ಕೈಕಾಲಿಗೆ ಸಿಟ್ರಿಕ್ ಆಮ್ಲ ಒಳ್ಳೆಯದು, ಲೀಟರಿಗೆ 2 ಗ್ರಾಂ, ಅರ್ಧ ಗಂಟೆ. ಸೋಡಾ ಮತ್ತು ಸಿಟ್ರಿಕ್ ಆಮ್ಲ ಒಂದೇ ಬಕೆಟ್ಟಿಗೆ ಸೇರಿಸಿದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಎರಡು ಬಕೆಟ್ ಬೇರೆ ಬೇರೆ ಇಡಿ, ಒಂದಕ್ಕೆ ಕೆಂಪು ಬಟ್ಟೆ ಕಟ್ಟಿ.

ಸಂತೆಯ ಮಾತಿಗೆ ಬರುತ್ತೇನೆ. ರೋಗ ಬಂದ ಆ ಮೂರು ಮನೆಗಳಲ್ಲಿ ಎರಡು ಮನೆಯವರು ಸಂತೆಯಿಂದ ಹೊಸದಾಗಿ ಸೀಮೆ ಹಸು ತಂದವರು. ಸಂಜೆ ತಂದು ಅದೇ ಸಾಲಿನಲ್ಲಿ ಕಟ್ಟಿ, ಅದೇ ತೊಟ್ಟಿಯಲ್ಲಿ ನೀರು ಕುಡಿಸಿದ್ದಾರೆ. ರೋಗ ಹೊಕ್ಕ ರಾಸು 2ರಿಂದ 14 ದಿನ ಏನನ್ನೂ ತೋರಿಸದೆ ಇರಬಹುದು. ಬಾಯಿಯಲ್ಲಿ ಗುಳ್ಳೆ ಏಳುವ ಮೊದಲೇ ಹಾಲಿನಲ್ಲಿ ವೈರಸ್ಸು ಹೊರಬರುತ್ತದೆ. ಕೊಂಡ ದಿನ ಚೆನ್ನಾಗಿತ್ತು ಎನ್ನುವ ಮಾತಿಗೆ ಅರ್ಥವೇ ಇಲ್ಲ. ಹೊಸ ರಾಸನ್ನು 21 ದಿನ ಬೇರೆ ಕಟ್ಟಿ, ಬೇರೆ ಬಕೆಟ್, ಬೇರೆ ಹಗ್ಗ. ಹಳೆಯ ರಾಸುಗಳ ಹಾಲು ಕರೆದು ಮೇವು ಹಾಕಿದ ಮೇಲೆ ಕೊನೆಗೆ ಅದರ ಬಳಿ ಹೋಗಿ. ಜಾಗ ಇಲ್ಲ ಎನ್ನುತ್ತೀರಿ. ಹುಣಸೆ ಮರದ ಕೆಳಗೆ ಕಟ್ಟಿ.

ಇನ್ನೂ ಕೆಟ್ಟದ್ದೆಂದರೆ, ಒಂದು ಹಸು ಜೊಲ್ಲು ಸುರಿಸಿದ ಕೂಡಲೇ ಉಳಿದವನ್ನು ಟೆಂಪೋ ಹತ್ತಿಸಿ ಸಂತೆಗೆ ಕಳಿಸುವುದು. ಇದು ಬರೀ ತಪ್ಪಲ್ಲ, ನೆರೆಯವನ ಮನೆಗೆ ಬೆಂಕಿ ಇಟ್ಟಂತೆ. ಬ್ರಿಟನ್ನಿನಲ್ಲಿ 2001ರಲ್ಲಿ ರೋಗ ದೇಶವಿಡೀ ಹಬ್ಬಿದ್ದು ಕುರಿ ಸಂತೆಗಳ ಮೂಲಕ. ಅಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ನಮ್ಮಲ್ಲಿ 2013ರಲ್ಲಿ ಸಾವಿರಾರು ರಾಸು ಸತ್ತವು. ಆ ವರ್ಷ ಕರು ಹೂಳಲು ಗುಂಡಿ ತೋಡಿದವರು ಈಗಲೂ ಇದ್ದಾರೆ, ಅವರನ್ನು ಕೇಳಿ. ಚಿಕ್ಕ ಕರುಗಳಿಗೆ ಗುಳ್ಳೆ ಏಳುವಷ್ಟು ಸಮಯವೂ ಸಿಗುವುದಿಲ್ಲ. ಹೃದಯಕ್ಕೆ ಹೊಡೆತ ಬಿದ್ದು ತಟ್ಟನೆ ಬೀಳುತ್ತವೆ. ಆದ್ದರಿಂದ ರೋಗದ ಹಸುವಿನ ಹಾಲನ್ನು ಕರುವಿಗೆ ಕುದಿಸದೆ ಕೊಡಬೇಡಿ, ಕೆಚ್ಚಲಿಗೂ ಬಿಡಬೇಡಿ.

ವೈದ್ಯರು ಬರುವ ತನಕ ಮೊದಲ ದಿನ ನಿಮ್ಮದೇ. ಪಶು ಸಹಾಯವಾಣಿ 1962ಕ್ಕೆ ಫೋನು ಮಾಡಿ, ಪಂಚಾಯಿತಿಗೂ ತಿಳಿಸಿ. ರೋಗದ ಅನುಮಾನ ಬಂದರೆ ತಿಳಿಸುವುದು ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕೇಂದ್ರ ಕಾಯ್ದೆ ಪ್ರಕಾರ ನಿಮ್ಮ ಹೊಣೆ. ಮರೆಮಾಚುವವರು ಡೇರಿಯಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲವೆಂದು ಹೆದರುತ್ತಾರೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ, ಮಕ್ಕಳ ಶಾಲೆಯ ಫೀಸು ಆ ಹಾಲಿನಲ್ಲೇ ಇದೆ. ಆದರೆ ಮುಚ್ಚಿಟ್ಟರೆ ವಾರದೊಳಗೆ ಊರಿನ ಹಾಲೇ ಹೋಗುತ್ತದೆ. ಕಾಯಿಲೆ ರಾಸನ್ನು ಅಲ್ಲೇ ಬಿಟ್ಟು ಚೆನ್ನಾಗಿರುವವನ್ನು ಬೇರೆ ಕಡೆಗೆ ಸಾಗಿಸಬೇಡಿ, ಅವುಗಳ ಒಳಗೂ ರೋಗ ಇರಬಹುದು. ನಡುವೆ ಅಂತರ ಮಾಡಿ. ಕಾಯಿಲೆ ರಾಸು ನೋಡುವವರು ಬೇರೆ, ಚೆನ್ನಾಗಿರುವವನ್ನು ನೋಡುವವರು ಬೇರೆ. ಗೇಟಿನಲ್ಲಿ ಸೋಡಾ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿ, ಒಣಗಲು ಬಿಡಬೇಡಿ, ದಿನಕ್ಕೊಮ್ಮೆ ನೀರು ಬದಲಿಸಿ. ಮೇವಿನ ವ್ಯಾಪಾರಿ, ದನದ ದಲ್ಲಾಳಿ ಯಾರೂ ಒಳಗೆ ಬೇಡ.

ಬಾಯಿ ಹುಣ್ಣನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಿಂದ ತೊಳೆಯಿರಿ, ಲೀಟರಿಗೆ 1 ಗ್ರಾಂ. ಹರಳು ಪೂರ್ತಿ ಕರಗಿರಲಿ, ಕರಗದ ಹರಳು ಹುಣ್ಣನ್ನೇ ಸುಡುತ್ತದೆ. ಗೊರಸಿನ ನಡುವೆಯೂ ಅದೇ ನೀರು. ನೊಣ ಕೂರದಂತೆ ಬೇವಿನೆಣ್ಣೆ ಹಚ್ಚಿ. ತಿನ್ನಲು ರಾಗಿ ಗಂಜಿ, ಎಳೆ ಹುಲ್ಲು. ಒಣ ಜೋಳದ ಕಡ್ಡಿ ಆ ನಾಲಿಗೆಗೆ ಮುಳ್ಳು. ಜ್ವರದ ಮತ್ತು ಕೀವಿನ ಚುಚ್ಚುಮದ್ದನ್ನು ವೈದ್ಯರಿಗೆ ಬಿಡಿ. ಸತ್ತ ರಾಸನ್ನು ಹಳ್ಳಕ್ಕೆ ಎಸೆಯಬೇಡಿ. ಬಾವಿಯಿಂದ ದೂರ ಕನಿಷ್ಠ 6 ಅಡಿ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಲಸಿಕೆ ಆರು ತಿಂಗಳಿಗೊಮ್ಮೆ, 2 ಮಿಲಿ. ಕರುವಿಗೆ ನಾಲ್ಕು ತಿಂಗಳಿಗೆ ಮೊದಲನೆಯದು, ತಿಂಗಳ ನಂತರ ಇನ್ನೊಂದು. ಎರಡು ದಿನ ಹಾಲು ಕಡಿಮೆಯಾಗುತ್ತದೆಂದು ಲಸಿಕೆಯವರು ಬಂದಾಗ ದನ ಹೊಲಕ್ಕೆ ಅಟ್ಟುವವರಿಗೆ ನನ್ನ ಬಳಿ ಸಮಾಧಾನದ ಮಾತಿಲ್ಲ. ರೋಗ ಬಂದ ಕೊಟ್ಟಿಗೆಯಲ್ಲಿ ನಿಂತು ಈಗ ಲಸಿಕೆ ಹಾಕಿ ಎಂದರೆ ಆಗುವುದಿಲ್ಲ. ಆಗ ಸುತ್ತಲಿನ ಊರುಗಳಿಂದ ಒಳಮುಖವಾಗಿ ಹಾಕುತ್ತಾ ಬರಬೇಕು. ರಾಸಿಗೊಂದು ಸೂಜಿ ಕೇಳಿ ಪಡೆಯಿರಿ.

ಇದೆಲ್ಲ ಕೈಗೆ ಬರಲು ತರಬೇತಿ ಬೇಕು, ಆದರೆ ತರಬೇತಿ ಎಂದರೆ ಸಭಾಂಗಣದಲ್ಲಿ ಕೂತು ಪರದೆ ನೋಡಿ ಊಟ ಮಾಡಿ ಬರುವುದಲ್ಲ. ಅಂಥವು ಸಾಕಷ್ಟು ಆಗಿವೆ, ಹೋಗಿ ಬಂದವರ ಕೊಟ್ಟಿಗೆಯಲ್ಲೂ ಫಿನಾಯಿಲ್ಲೇ ಇತ್ತು. ಡೇರಿಯ ಅಂಗಳದಲ್ಲಿ ಬೆಳಗಿನ ಹಾಲು ಹಾಕಿದ ಮೇಲೆ ಒಂದು ಗಂಟೆ ನಿಲ್ಲಿ. ಒಬ್ಬರ ಹಸುವಿಗೆ ರೋಗ ಬಂದಿದೆ ಎಂದುಕೊಳ್ಳಿ. ಯಾರು ಫೋನು ಮಾಡುತ್ತಾರೆ, ಯಾರು ಸೋಡಾ ತೂಗುತ್ತಾರೆ, ಹಾಲಿನ ಗಾಡಿಯ ಚಕ್ರ ಯಾರು ತೊಳೆಯುತ್ತಾರೆ, ಆ ಮನೆಗೆ ಮೇವು ಯಾರು ಗೇಟಿನ ತನಕ ತಂದಿಡುತ್ತಾರೆ, ಅಲ್ಲೇ ಮಾಡಿ ತೋರಿಸಲಿ. ಹಿಂದಿನ ವಾರ ಒಂದು ಊರಿನಲ್ಲಿ ಹೀಗೆ ಮಾಡಿದೆವು. ಬಕೆಟ್ ಸಿದ್ಧವಾಗಲು 22 ನಿಮಿಷ ಹಿಡಿಯಿತು, ಏಕೆಂದರೆ ಊರಿನಲ್ಲಿ ಸೋಡಾ ಇದ್ದ ಅಂಗಡಿಯ ಬಾಗಿಲು ತೆರೆದಿರಲಿಲ್ಲ. ಎರಡನೇ ಸಲ ಮಾಡಿದಾಗ ಆರು ನಿಮಿಷ. ಹಾಲಿನ ಲೆಕ್ಕ ಬರೆಯುವ ಹುಡುಗಿಯೇ ಎಲ್ಲರಿಗಿಂತ ಚೆನ್ನಾಗಿ ತೂಗಿದಳು.



ಡಿಸೆಂಬರಿಗೆ ಘಾಟಿ ಸುಬ್ರಹ್ಮಣ್ಯ, ಸಂಕ್ರಾಂತಿಗೆ ಚುಂಚನಕಟ್ಟೆ, ಶಿವರಾತ್ರಿಗೆ ಸಿದ್ಧಗಂಗೆ, ದನಗಳ ಜಾತ್ರೆ ಸಾಲಾಗಿ ಬರುತ್ತವೆ. ಹೋರಿ ಹೊರಡುವುದಕ್ಕೆ ಮೂರು ವಾರ ಮೊದಲೇ ಲಸಿಕೆ ಮುಗಿದಿರಬೇಕು. ಡೇರಿಯ ಕಪಾಟಿನಲ್ಲಿ 400 ಗ್ರಾಂನ ಇಪ್ಪತ್ತು ಸೋಡಾ ಪೊಟ್ಟಣ, ಒಂದು ತಕ್ಕಡಿ, ಎರಡು ಗಟ್ಟಿ ಪೊರಕೆ ಇಟ್ಟು ಬೀಗದ ಕೈ ಇಬ್ಬರ ಹತ್ತಿರ ಇರಲಿ. ಸೋಡಾ ತೇವ ಹೀರಿ ಗಟ್ಟಿಯಾಗುತ್ತದೆ, ಮಳೆಗಾಲ ಮುಗಿದ ಕೂಡಲೇ ಪೊಟ್ಟಣ ಬಿಚ್ಚಿ ನೋಡಿ, ಗಡ್ಡೆ ಕಟ್ಟಿದ್ದರೆ ಬದಲಿಸಿ.