ದೂರದಿಂದಲೂ ಎದುರಿನಲ್ಲೂ ಫಿಜಿಯೊಥೆರಪಿ: ವಿಕಲಚೇತನ ಮಕ್ಕಳ ಆರೈಕೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರ ಅಧ್ಯಯನಕ್ಕಾಗಿ

ಮೆದುಳಿನ ಪಾರ್ಶ್ವವಾಯುವಿನಿಂದ ಬಳಲುವ ಮಗುವಿಗೆ ಫಿಜಿಯೊಥೆರಪಿಯು ಕೆಲವು ದಿನ ನೀಡಿ ಮುಗಿಸುವ ಚಿಕಿತ್ಸೆಯಲ್ಲ. ಮಗು ಬೆಳೆದಂತೆ ಮೂಳೆ ಉದ್ದವಾಗುತ್ತದೆ. ಬಿಗಿತವುಳ್ಳ ಸ್ನಾಯು ಅದೇ ವೇಗದಲ್ಲಿ ಬೆಳೆಯುವುದಿಲ್ಲ. ಮೊದಲು ಹಿಮ್ಮಡಿ ನೆಲಕ್ಕೆ ತಾಗದಂತಾಗುತ್ತದೆ, ಅನಂತರ ಮೊಣಕಾಲು ನೇರವಾಗುವುದಿಲ್ಲ. ಕೀಲು ಹಾಗೆಯೇ ಮಡಚಿ ನಿಂತರೆ ಮುಂದೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಆದುದರಿಂದ ಬೆಳವಣಿಗೆಯ ವರ್ಷಗಳುದ್ದಕ್ಕೂ ನಿಗಾ ಅಗತ್ಯ. ಆದರೆ ತಜ್ಞರಿರುವುದು ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿ. ಪ್ರತಿಯೊಂದು ಭೇಟಿಗೂ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ. ಮಗು ದೊಡ್ಡದಾಗಿ ಎತ್ತಿಕೊಳ್ಳಲಾಗದಂತಾದಾಗ ಭೇಟಿಗಳು ತಾವಾಗಿಯೇ ವಿರಳವಾಗುತ್ತವೆ. ಬಿಗಿತ ಹೆಚ್ಚುವುದೂ ಆ ಕಾಲದಲ್ಲಿಯೇ.

ಈ ಅಂತರವನ್ನು ತುಂಬಲು ವಿಡಿಯೊ ಕರೆಯ ಮೂಲಕ ನೀಡುವ ಮಾರ್ಗದರ್ಶನವನ್ನು ಮುಖಾಮುಖಿ ಚಿಕಿತ್ಸೆಯೊಡನೆ ಜೋಡಿಸಬಹುದು. ಜೋಡಿಸುವುದೆಂದರೆ ಒಂದರ ಬದಲು ಇನ್ನೊಂದನ್ನು ಇಡುವುದಲ್ಲ. ಮೊದಲ ತಪಾಸಣೆ ಎದುರಿನಲ್ಲಿಯೇ ಆಗತಕ್ಕದ್ದು. ಸ್ನಾಯುವಿನ ಬಿಗಿತ ತಿಳಿಯುವುದು ಕೈಯ ಸ್ಪರ್ಶದಿಂದ. ಸೊಂಟದ ಕೀಲು ಜಾರಿದೆಯೇ ಎಂಬುದು ಎಕ್ಸ್-ರೇಯಿಂದ. ಕಾಲಿನ ಸ್ಪ್ಲಿಂಟ್ ಸರಿಯಾಗಿದೆಯೇ ಎಂಬುದು ಅಳತೆ ತೆಗೆದು ತೊಡಿಸಿ ನೋಡಿದಾಗ. ಇವಾವುವೂ ಫೋನಿನಲ್ಲಿ ಆಗುವ ಕೆಲಸಗಳಲ್ಲ. ಇದಕ್ಕೆ ಪ್ರತಿಯಾಗಿ ಕೆಲವು ಸಂಗತಿಗಳು ಆಸ್ಪತ್ರೆಗಿಂತ ಫೋನಿನಲ್ಲಿಯೇ ಚೆನ್ನಾಗಿ ಕಾಣುತ್ತವೆ: ಮಗು ಊಟಕ್ಕೆ ಹೇಗೆ ಕೂರುತ್ತದೆ, ಮನೆಯ ಹೊಸ್ತಿಲು ಎಷ್ಟು ಎತ್ತರವಿದೆ, ಅಜ್ಜಿ ಮಗುವನ್ನು ಯಾವ ರೀತಿ ಎತ್ತುತ್ತಾರೆ. ಸ್ನಾನ, ಊಟ, ಆಟಗಳ ನಡುವೆಯೇ ಸೇರಿಹೋಗುವ ವ್ಯಾಯಾಮವನ್ನು ತಜ್ಞರು ಅಲ್ಲಿಯೇ ತೋರಿಸಿಕೊಡಬಹುದು. ಎರಡು ಮುಖಾಮುಖಿ ಭೇಟಿಗಳ ನಡುವಿನ ಅಂತರವನ್ನು ತಜ್ಞರೇ ನಿರ್ಧರಿಸಬೇಕೇ ಹೊರತು ಬಸ್ಸಿನ ಅನುಕೂಲವಲ್ಲ.

ಎಣ್ಣೆ ಹಚ್ಚಿ ತಿಕ್ಕಿದರೆ ಸಾಕೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ತಿಕ್ಕುವುದರಿಂದ ಮಗುವಿಗೆ ಹಿತವೆನಿಸಬಹುದು. ಆದರೆ ಬಿಗಿದ ಕಾಲನ್ನು ಬಲವಾಗಿ ಎಳೆದು ನೇರಮಾಡುವುದು ಅಪಾಯ. ನಡೆಯದ ಮಕ್ಕಳ ಮೂಳೆ ದುರ್ಬಲವಾಗಿರುವ ಸಂಭವವುಂಟು.

ಗ್ರಾಮ ಪಂಚಾಯಿತಿಯಿಂದ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಮನೆಯಲ್ಲಿ ನೆಟ್‌ವರ್ಕ್ ಸಿಗದ ಕುಟುಂಬಕ್ಕೆ ಅರಿವು ಕೇಂದ್ರದಲ್ಲಿ ವಾರಕ್ಕೊಂದು ಗಂಟೆ, ಇಂಟರ್‌ನೆಟ್ ಸಂಪರ್ಕ, ನೆಲಕ್ಕೆ ಹಾಸಲು ಒಂದು ದಪ್ಪ ಜಮಖಾನೆ, ಬಾಗಿಲಿಗೆ ಪರದೆ. ಫೋನನ್ನು ಕೈಯಲ್ಲಿ ಹಿಡಿಯದೆ ಮಗುವಿನ ಸೊಂಟದ ಎತ್ತರದಲ್ಲಿ, ಇಡೀ ದೇಹ ಕಾಣುವಂತೆ ನಿಲ್ಲಿಸಬೇಕು. ಬೆಳಕು ಮಗುವಿನ ಬೆನ್ನ ಹಿಂದಿನಿಂದ ಬರಬಾರದು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಕರೆಯ ಸಮಯದಲ್ಲಿ ಜೊತೆಗಿದ್ದು, ತಜ್ಞರು ಹೇಳಿದ್ದನ್ನು ಮಗುವಿನ ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಮುಖಾಮುಖಿ ಭೇಟಿಗೆ ಆ ಪುಸ್ತಕವೇ ದಾಖಲೆ. ಪೋಷಕರ ಒಪ್ಪಿಗೆಯಿಲ್ಲದೆ ಕರೆಯನ್ನು ರೆಕಾರ್ಡ್ ಮಾಡತಕ್ಕದ್ದಲ್ಲ. ಮಗುವಿನ ಚಿತ್ರ ಪಂಚಾಯಿತಿಯ ವಾಟ್ಸ್ಆ್ಯಪ್ ಗುಂಪಿಗೆ ಹೋಗಲೇಬಾರದು, ಅದು ಎಷ್ಟೇ ಒಳ್ಳೆಯ ಸುದ್ದಿಯಾದರೂ.

ಕೀಲು ಊದಿಕೊಂಡರೆ, ಹೊಸದಾಗಿ ನೋವು ಅಥವಾ ಫಿಟ್ಸ್ ಕಾಣಿಸಿದರೆ, ಮೊದಲು ಕೂರುತ್ತಿದ್ದ ಮಗು ಈಗ ಕೂರದಾದರೆ ಮುಂದಿನ ವಿಡಿಯೊ ಕರೆಗೆ ಕಾಯದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ತಜ್ಞರನ್ನು ಎಲ್ಲಿ ಹುಡುಕುವುದು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಆ ತಂಡವು ಮಗುವನ್ನು ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬಲ್ಲದು. ಶಾಲೆಗೆ ಬರಲಾಗದೆ ಗೃಹಾಧಾರಿತ ಶಿಕ್ಷಣದಲ್ಲಿರುವ ಮಕ್ಕಳ ವಿವರ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ದೊರೆಯುತ್ತದೆ.

ವೆಚ್ಚದ ಪ್ರಶ್ನೆಗೆ, ವಿಕಲಚೇತನರ ಕಲ್ಯಾಣಕ್ಕೆಂದು ಪಂಚಾಯಿತಿಗಳು ಮೀಸಲಿಡುವ ಶೇ 5ರ ಅನುದಾನ ಇದ್ದೇ ಇದೆ. ಇದನ್ನು ವರ್ಷಾಂತ್ಯದಲ್ಲಿ ಅವಸರದಿಂದ ಖರ್ಚು ಮಾಡುವ ಬದಲು, ನಿಯಮಾನುಸಾರ ಠರಾವು ಮಾಡಿ, ತಜ್ಞರು ಕೊಟ್ಟ ಅಳತೆಯಂತೆ ಸ್ಥಳೀಯ ಬಡಗಿಯಿಂದ ಮೂಲೆ ಕುರ್ಚಿ, ನಿಲ್ಲುವ ಚೌಕಟ್ಟು ಮಾಡಿಸುವುದು ಮೇಲು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವಾರ್ಷಿಕ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದ್ದು, ಅದರ ಮಿತಿಗಳಿಗೊಳಪಟ್ಟು ಥೆರಪಿಯ ವೆಚ್ಚವೂ ಸೇರುತ್ತದೆ. ಮೆದುಳಿನ ಪಾರ್ಶ್ವವಾಯು, ಆಟಿಸಂ, ಬುದ್ಧಿಮಾಂದ್ಯ ಹಾಗೂ ಬಹುವಿಧ ಅಂಗವೈಕಲ್ಯವಿರುವವರು ಇದಕ್ಕೆ ಅರ್ಹರು. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಇಂತಹ ಮಕ್ಕಳೆಷ್ಟು, ಕೊನೆಯ ಬಾರಿ ತಜ್ಞರು ಕಂಡದ್ದು ಯಾವಾಗ ಎಂಬ ಎರಡು ವಿವರಗಳನ್ನು ಪುನರ್ವಸತಿ ಕಾರ್ಯಕರ್ತರಿಂದ ಪಡೆದು ತರುವುದು.